ಒಂದೇ ರೂಮು, ಬೇರೆ ಬೇರೆ ಕಿವಿ

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಹತ್ತಿರ ಒಂದು ಅಲಾರಂ ಗಡಿಯಾರ ಇತ್ತು. ರಾತ್ರಿ ಕಾರಿಡಾರಿನ ಗಲಾಟೆ ಅಡಗಿದ್ದೇ ತಡ, ಅದರ ಟಿಕ್ ಟಿಕ್ ನನ್ನ ತಲೆಯೊಳಗೇ ಶುರುವಾಗುತ್ತಿತ್ತು. ದಿಂಬನ್ನು ಕಿವಿಗೆ ಒತ್ತಿಕೊಂಡು ನೋಡಿದೆ. ಗೋಡೆ ಕಡೆ ಮಗ್ಗುಲಾದೆ. ಒಂದು ವಾರ ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟೆ: "ಈ ಸದ್ದಲ್ಲಿ ಹೇಗೋ ನಿದ್ದೆ ಮಾಡ್ತೀಯಾ?" ಅವನು ಪುಸ್ತಕದಿಂದ ತಲೆ ಎತ್ತಿ, "ಯಾವ ಸದ್ದು?" ಅಂದ.

ತಮಾಷೆ ಮಾಡುತ್ತಿರಲಿಲ್ಲ. ನಿಜಕ್ಕೂ ಅವನಿಗೆ ಕೇಳಿಸುತ್ತಿರಲಿಲ್ಲ. ಅದೇ ಹುಡುಗ ಟ್ಯೂಬ್‌ಲೈಟ್ ಚೂರು ಮಿಣುಕಿದರೆ ಸಾಕು, ಓದು ಬಿಟ್ಟು ಎದ್ದುಬಿಡುತ್ತಿದ್ದ. ನನಗೋ, ಅವನು ಹೇಳುವವರೆಗೆ ಅದು ಕಣ್ಣಿಗೇ ಬಿದ್ದಿರುತ್ತಿರಲಿಲ್ಲ.

ಓದುವ ಹುಡುಗರಿಗೆ ಎಲ್ಲರೂ ಹೇಳುವ ಮಾತು ಒಂದೇ: ಮನಸ್ಸಿಟ್ಟು ಓದು. ಓದು ಹತ್ತದಿದ್ದರೆ ತಪ್ಪೆಲ್ಲ ಮನಸ್ಸಿನದು. ನನಗೆ ಇದು ಅಷ್ಟು ಸರಿ ಅನ್ನಿಸುವುದಿಲ್ಲ. ಕ್ಲಾಸು, ಲೈಬ್ರರಿ, ಹಾಸ್ಟೆಲ್, ಪರೀಕ್ಷೆ ಹಾಲ್ ಎಲ್ಲವೂ ಮೊದಲು ಬರುವುದು ಕಿವಿ, ಕಣ್ಣು, ಮೂಗು, ಚರ್ಮದ ಮೂಲಕ. ಅಲ್ಲೇ ಏನೋ ತಡವರಿಸಿದ್ದರೆ ಪಾಪ ಮನಸ್ಸು ಏನು ಮಾಡೀತು?

ಹೊಸ್ತಿಲು ಎಷ್ಟು ಎತ್ತರ?

ನೀವು ಈ ಸಾಲು ಓದುತ್ತಿರುವಾಗ ಮೈಮೇಲಿನ ಬಟ್ಟೆ ಚರ್ಮಕ್ಕೆ ತಾಗಿಕೊಂಡೇ ಇದೆ. ನಾನು ಹೇಳುವವರೆಗೆ ಅದು ನೆನಪಿರಲಿಲ್ಲ, ಅಲ್ವಾ? ಇಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದೇ ಸಮನೆ ತಾಗುತ್ತಿರುವ ವಸ್ತುವಿಗೆ ಚರ್ಮದ ನರತುದಿಗಳು ಬೇಗ ಒಗ್ಗಿಹೋಗಿ, ಸುದ್ದಿ ಕಳಿಸುವುದನ್ನೇ ಕಡಿಮೆ ಮಾಡುತ್ತವೆ. ಕಳಿಸಿದ ಸುದ್ದಿಯಲ್ಲೂ ಹೊಸದೇನೂ ಇಲ್ಲದಿದ್ದರೆ ಮಿದುಳು ಅದನ್ನು ಪಕ್ಕಕ್ಕಿಡುತ್ತದೆ. ಇಲ್ಲದೇ ಹೋಗಿದ್ದರೆ ಕಾಲರ್, ಕುರ್ಚಿ, ಫ್ಯಾನು, ಪಕ್ಕದವನ ಉಸಿರು ಎಲ್ಲ ಒಟ್ಟಿಗೆ ಮೇಲೆ ಬಿದ್ದು ನಾವು ಒಂದು ಪುಟವನ್ನೂ ಓದಲಾಗುತ್ತಿರಲಿಲ್ಲ.

ಹೀಗೆ ಪಕ್ಕಕ್ಕಿಡುವ ಶಕ್ತಿ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಅಮೆರಿಕದ ಆಕ್ಯುಪೇಶನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ತಜ್ಞೆ ವಿನಿ ಡನ್ 1997ರಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಸರಳ ಮಾದರಿ ಮುಂದಿಟ್ಟರು. ಮೊದಲು ಅದು ಮಕ್ಕಳಿಗಾಗಿ ಮಾಡಿದ್ದು. ಆಮೇಲೆ ದೊಡ್ಡವರಿಗೂ ಹೊಂದುವ ಪ್ರಶ್ನಾವಳಿ ಬಂತು. ಅದರ ತಿರುಳು ಎರಡೇ ಪ್ರಶ್ನೆ. ಹೊರಗಿನ ಸದ್ದು, ಬೆಳಕು, ಸ್ಪರ್ಶ ನಿಮ್ಮೊಳಗೆ ಬರಲು ದಾಟಬೇಕಾದ ಹೊಸ್ತಿಲು ಎಷ್ಟು ಎತ್ತರ ಇದೆ? ಮತ್ತೆ, ಅದು ದಾಟಿ ಬಂದಾಗ ಅಥವಾ ಬಾರದಿದ್ದಾಗ ನೀವು ಸುಮ್ನೆ ಇರ್ತೀರೋ, ಏನಾದರೂ ಮಾಡ್ತೀರೋ?

ಈ ಎರಡನ್ನು ಸೇರಿಸಿದರೆ ನಾಲ್ಕು ಬಗೆಯವರು ಸಿಗುತ್ತಾರೆ. ಯಾವ ಕ್ಲಾಸಿನಲ್ಲಾದರೂ ಇವರನ್ನು ಗುರುತಿಸಬಹುದು. ಮೂರು ಸಲ ಹೆಸರು ಕೂಗಿದರೂ ತಿರುಗದವನು, ಕೆನ್ನೆಗೆ ಇಂಕು ಹತ್ತಿದ್ದೂ ಗೊತ್ತಿಲ್ಲದವನು ಒಬ್ಬ: ಹೊಸ್ತಿಲು ಎತ್ತರ, ಅದರ ಬಗ್ಗೆ ಚಿಂತೆಯೂ ಇಲ್ಲ. ಇನ್ನೊಬ್ಬನಿಗೂ ಹೊಸ್ತಿಲು ಎತ್ತರವೇ, ಆದರೆ ಅವನು ಸುಮ್ಮನಿರುವವನಲ್ಲ. ಪೆನ್ನಿನ ಬಟನ್ ಒತ್ತುತ್ತಾನೆ, ಕಾಲು ಅಲ್ಲಾಡಿಸುತ್ತಾನೆ, ನಡೆದಾಡುತ್ತಾ ಓದುತ್ತಾನೆ. ಸಾಲದ್ದನ್ನು ತಾನೇ ಹುಡುಕಿಕೊಳ್ಳುತ್ತಾನೆ. ಮೂರನೆಯವಳಿಗೆ ಹೊಸ್ತಿಲು ತಗ್ಗು. ಹಿಂದಿನವನ ಪೆನ್ನಿನ ಸದ್ದು ಸೂಜಿ ಚುಚ್ಚಿದ ಹಾಗೆ ಕೇಳುತ್ತದೆ, ಆದರೆ ಹಲ್ಲು ಕಚ್ಚಿ ಕೂರುತ್ತಾಳೆ. ನಾಲ್ಕನೆಯವಳಿಗೂ ತಗ್ಗೇ, ಆದರೆ ಅವಳು ದಾರಿ ಹುಡುಕಿಕೊಂಡಿದ್ದಾಳೆ. ಬಾಗಿಲ ಹತ್ತಿರದ ಸೀಟು, ಮೆಸ್ಸಿಗೆ ಎಲ್ಲರಿಗಿಂತ ಮೊದಲು ಅಥವಾ ಕೊನೆಗೆ. ಜನ ಇವಳಿಗೆ "ಯಾರ ಜತೆಗೂ ಬೆರೆಯೋದಿಲ್ಲ" ಅಂತ ಹೆಸರಿಡುತ್ತಾರೆ.

ಎರಡನೆಯವನನ್ನು ಮೂರನೆಯವಳ ಹಿಂದೆ ಕೂರಿಸಿದರೆ ಒಂದು ಸೆಮಿಸ್ಟರ್ ಜಗಳಕ್ಕೆ ಅಷ್ಟು ಸಾಕು. ಇಬ್ಬರದೂ ತಪ್ಪಿಲ್ಲ.

ಒಂದು ಎಚ್ಚರಿಕೆ. ಇವು ಜಾತಕದ ಮನೆಗಳಲ್ಲ. ನನ್ನ ಕಿವಿಯ ಹೊಸ್ತಿಲು ತಗ್ಗು, ಕಣ್ಣಿನದು ಎತ್ತರ. ರೂಮ್‌ಮೇಟ್‌ಗೆ ತಿರುಗಾಮುರುಗಾ. ನಿದ್ದೆಗೆಟ್ಟಾಗ, ಹಸಿದಾಗ, ಪರೀಕ್ಷೆ ಹತ್ತಿರ ಬಂದಾಗ ನಿನ್ನೆ ಕಾಣದಿದ್ದದ್ದೂ ಇವತ್ತು ಚುಚ್ಚುತ್ತದೆ. ಕೆಲವರಿಗೆ ಮಾತ್ರ ಇದು ದಿನದಿನದ ಗಟ್ಟಿ ಅಡ್ಡಿಯೇ ಆಗಿರುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ, ಸದ್ದು, ಬೆಳಕು, ಸ್ಪರ್ಶಕ್ಕೆ ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಸಾಲಿಗೆ ಸೇರಿಸಿತು. ಅಂಥ ವಿದ್ಯಾರ್ಥಿ ಪ್ರತ್ಯೇಕ ಕೋಣೆಯಲ್ಲಿ ಪರೀಕ್ಷೆ ಬರೆಯಲು ಕೇಳಿದರೆ ಅದು ಸವಲತ್ತು ಗಿಟ್ಟಿಸುವ ಉಪಾಯ ಅಲ್ಲ.

ಕೊನೇ ಬೆಂಚಿನವರ ಕಷ್ಟ

ಕ್ಲಾಸ್‌ರೂಮಿನ ಸದ್ದಿನ ಬಗ್ಗೆ ನಮಗೆ ಗೊತ್ತಿರುವ ಮೊದಲ ಗಟ್ಟಿ ಲೆಕ್ಕ ಬಂದದ್ದೇ ಒಂದು ಕೆಟ್ಟ ಕ್ಲಾಸ್‌ರೂಮಿನಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಫಾಗ್ ಮ್ಯೂಸಿಯಂನಲ್ಲಿ ಒಂದು ಲೆಕ್ಚರ್ ಹಾಲ್ ಸಿದ್ಧವಾಗಿತ್ತು. ನೋಡಲು ಚೆನ್ನಾಗಿತ್ತು, ಪಾಠ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಸರಿಮಾಡು ಅಂತ ವ್ಯಾಲೇಸ್ ಸಬೈನ್ ಅನ್ನುವ ಭೌತಶಾಸ್ತ್ರದ ಹುಡುಗ ಮೇಷ್ಟ್ರಿಗೆ ವಹಿಸಿದರು. ಆಗ ಅವರಿಗೆ 27 ವರ್ಷ. ಅಳೆದು ನೋಡಿದರೆ, ಆ ಹಾಲ್‌ನಲ್ಲಿ ಆಡಿದ ಒಂದು ಮಾತು ಸುಮಾರು 5.5 ಸೆಕೆಂಡ್ ಮೊಳಗುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ಮಾತಾಡುವವರು ಇನ್ನೂ ಹತ್ತು ಹನ್ನೆರಡು ಪದ ಮುಂದೆ ಹೋಗಿರುತ್ತಾರೆ. ಹಳೇ ಪದಗಳು ಹೊಸ ಪದಗಳ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ.

ಸಬೈನ್ ಬೀದಿ ಸದ್ದು ಅಡಗಿದ ಮೇಲೆ, ರಾತ್ರಿ ಹೊತ್ತು ಕೆಲಸಕ್ಕೆ ಇಳಿಯುತ್ತಿದ್ದರು. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹಾಲ್‌ನಲ್ಲಿ ಹಾಸುವುದು, ಆರ್ಗನ್ ವಾದ್ಯದ ಕೊಳವೆ ಊದಿ ನಿಲ್ಲಿಸುವುದು, ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳುವುದು. ಮೆತ್ತೆ ಹೆಚ್ಚಿದ ಹಾಗೆ ಮೊಳಗು ಕಡಿಮೆಯಾಗುತ್ತಾ, ಒಂದು ಸೆಕೆಂಡಿನ ಹತ್ತಿರಕ್ಕೆ ಬಂತು. ಕೋಣೆ ಎಷ್ಟು ದೊಡ್ಡದು, ಅದರೊಳಗೆ ಸದ್ದನ್ನು ಹೀರುವ ಸಾಮಾನು ಎಷ್ಟಿದೆ, ಈ ಎರಡರಿಂದಲೇ ಮೊಳಗಿನ ಕಾಲವನ್ನು ಲೆಕ್ಕ ಹಾಕಬಹುದು ಅಂತ ಗೊತ್ತಾಯಿತು. ಇವತ್ತಿಗೂ ಸಭಾಂಗಣ ಕಟ್ಟುವವರು ಸಬೈನ್ ಸೂತ್ರವನ್ನೇ ಬಳಸುತ್ತಾರೆ.

ಇನ್ನೊಂದು ಸಂಗತಿ ನನಗೆ ಭಾರಿ ಇಷ್ಟ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು ಆರು ಮೆತ್ತೆಗಳಷ್ಟು ಸದ್ದನ್ನು ಹೀರುತ್ತಾನಂತೆ. ಕ್ಲಾಸಿನಲ್ಲಿ ನಿದ್ದೆ ಹೊಡೆಯುವವನೂ ಹಾಗಾದರೆ ಪಕ್ಕದವನಿಗೆ ಉಪಕಾರ ಮಾಡುತ್ತಿದ್ದಾನೆ! ಅರ್ಧ ಖಾಲಿ ಇರುವ ದಿನ ಅದೇ ಹಾಲ್‌ನಲ್ಲಿ ಮೇಷ್ಟ್ರ ದನಿ ಜಾಸ್ತಿ ಮೊಳಗುವುದೂ ಇದಕ್ಕೇ.

ಮೊಳಗಿನಿಂದ ಪೆಟ್ಟು ತಿನ್ನುವುದು ವ್ಯಂಜನಗಳು. ಸ್ವರಗಳಿಗೆ ಬಲ ಜಾಸ್ತಿ, ಉದ್ದ ಜಾಸ್ತಿ. ವ್ಯಂಜನಗಳು ಚಿಕ್ಕವು, ಮೆತ್ತಗಿನವು, ಆದರೆ ಪದದ ಅರ್ಥ ಹೊತ್ತುಕೊಂಡಿರುವುದು ಅವೇ. ಪದ, ಕದ, ಹದ, ಮದ. ಮೊದಲ ವ್ಯಂಜನ ತಪ್ಪಿತೋ, ಉಳಿದದ್ದು ಬರೀ "ಅದ". ಹಿಂದಿನ ಪದದ ಸ್ವರದ ಬಾಲ ಮುಂದಿನ ಪದದ ವ್ಯಂಜನವನ್ನು ನುಂಗಿಹಾಕುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ತರಗತಿಯ ಮೊಳಗು 0.6 ಸೆಕೆಂಡ್ ಹತ್ತಿರ ಇರಲಿ, ಪಾಠದ ಹೊತ್ತಿನಲ್ಲಿ ಹಿನ್ನೆಲೆ ಸದ್ದು 35 ಡೆಸಿಬಲ್ ದಾಟದಿರಲಿ ಅಂದದ್ದು. ಬರೀ ಗೋಡೆ, ಗಾಜಿನ ಕಿಟಕಿ, ನುಣ್ಣನೆ ನೆಲ ಇರುವ ದೊಡ್ಡ ಕೋಣೆಗಳು ಈ ಅಳತೆಗೆ ಬರುವುದು ಕಷ್ಟ.

ದೂರವೂ ಸೇರಿಕೊಳ್ಳುತ್ತದೆ. ಬಾಯಿಂದ ನೇರವಾಗಿ ಬರುವ ಸದ್ದು, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಕೊನೇ ಬೆಂಚಿಗೆ ತಲುಪುವುದರಲ್ಲಿ ಗೋಡೆಗೆ ಬಡಿದು ಬಂದದ್ದೇ ಹೆಚ್ಚು. ಜತೆಗೆ ತುಟಿ ಕಾಣುವುದಿಲ್ಲ. ತುಟಿ ಯಾಕೆ ಬೇಕು ಅಂತೀರಾ? 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಒಂದು ವಿಚಿತ್ರ ತೋರಿಸಿದರು. ತೆರೆ ಮೇಲೆ ಬಾಯಿ "ಗ" ಅನ್ನುತ್ತಿದೆ, ಸ್ಪೀಕರ್‌ನಲ್ಲಿ "ಬ" ಬರುತ್ತಿದೆ. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು "ಡ". ಕಣ್ಣು ಮುಚ್ಚಿದರೆ ಮತ್ತೆ "ಬ". ಅಂದರೆ ನಾವು ಕಣ್ಣಿನಿಂದಲೂ ಕೇಳುತ್ತೇವೆ. ಮುಂದಿನ ಬೆಂಚಿನವರು ಜಾಣರು ಅನ್ನುವುದಕ್ಕಿಂತ, ಅವರಿಗೆ ಕೇಳಲು ಕಣ್ಣೂ ಸಿಕ್ಕಿದೆ ಅನ್ನಬಹುದು.

ಇದೆಲ್ಲ ಹೆಚ್ಚು ಕಾಡುವುದು ಮನೆಮಾತಲ್ಲದ ಭಾಷೆಯಲ್ಲಿ ಪಾಠ ಕೇಳುವವರನ್ನು. ನಮ್ಮ ಭಾಷೆಯಾದರೆ ಅರ್ಧ ಪದ ಕೇಳಿಸಿದರೂ ಉಳಿದರ್ಧವನ್ನು ನಾವೇ ತುಂಬಿಕೊಳ್ಳುತ್ತೇವೆ. ಇನ್ನೊಂದು ಭಾಷೆಯಲ್ಲಿ, ಸದ್ದಿನ ನಡುವೆ, ಹಾಗೆ ತುಂಬಿಕೊಳ್ಳುವುದು ಕಷ್ಟ. ಪದ ಹಿಡಿಯುವುದರಲ್ಲೇ ತಲೆ ಸುಸ್ತಾಗುತ್ತದೆ, ವಿಷಯಕ್ಕೆ ಜಾಗ ಉಳಿಯುವುದಿಲ್ಲ. ಗಂಟೆ ಮುಗಿದ ಮೇಲೆ ಅವರು "ಸಬ್ಜೆಕ್ಟ್ ಬಲು ಕಷ್ಟ" ಅಂದುಕೊಂಡು ಹೊರಬರುತ್ತಾರೆ.

ಪಿಸುಮಾತಿನ ಕಾಟ

ಲೈಬ್ರರಿಯಲ್ಲಿ ಫ್ಯಾನು ಗರಗರ ಅಂದರೂ ಓದುತ್ತೇವೆ. ಮೂರು ಟೇಬಲ್ ಆಚೆ ಇಬ್ಬರು ಪಿಸುಗುಟ್ಟಿದರೆ ಸಾಲು ತಪ್ಪುತ್ತದೆ. ಫ್ಯಾನಿನದೇ ಜೋರು ಸದ್ದು, ಆದರೂ. 1976ರಲ್ಲಿ ಕಾಲ್ ಮತ್ತು ವೆಲ್ಷ್ ಅನ್ನುವ ಇಬ್ಬರು ಸಂಶೋಧಕರು ಜನರಿಗೆ ಅಕ್ಷರಗಳ ಸಾಲು ತೋರಿಸಿ, ನೆನಪಿಟ್ಟು ಹೇಳಿ ಅಂದರು. ಹಿನ್ನೆಲೆಯಲ್ಲಿ ಯಾರೋ ಜರ್ಮನ್‌ನಲ್ಲಿ ಓದುತ್ತಿದ್ದರು. ಕೂತವರಿಗೆ ಜರ್ಮನ್ ಬರುತ್ತಿರಲಿಲ್ಲ. ಆದರೂ ತಪ್ಪುಗಳು ಹೆಚ್ಚಾದವು. ಅರ್ಥ ಆಗದ ಮಾತೂ ಅಡ್ಡ ಬರುತ್ತದೆ ಅಂತಾಯಿತು. ಕಾರಣ ಇಷ್ಟು: ಸಾಲಾಗಿ ನೆನಪಿಡಲು ನಾವು ಒಳಗೊಳಗೇ ಹೇಳಿಕೊಳ್ಳುತ್ತಿರುತ್ತೇವೆ. ಕ್ಷಣಕ್ಷಣಕ್ಕೆ ಬದಲಾಗುವ ಸದ್ದು ಬಂದರೆ ಆ ಸಾಲು ಕೆಡುತ್ತದೆ. ಫ್ಯಾನು ಒಂದೇ ರಾಗ, ಹಾಗಾಗಿ ಮಿದುಳು ಅದನ್ನು ಬಟ್ಟೆಯ ಹಾಗೆ ಮರೆಯುತ್ತದೆ.

ಫೋನಿನಲ್ಲಿ ಮಾತಾಡುವವರು ಇನ್ನೂ ಕಾಟ. ನಮಗೆ ಕೇಳುವುದು ಒಂದೇ ಕಡೆಯ ಮಾತು. "ಹೌದಾ? ... ಅಯ್ಯೋ! ... ಆಮೇಲೆ?" ಆಮೇಲೆ ಏನಾಯ್ತು ಅಂತ ನಮ್ಮ ತಲೆಯೂ ಕಾಯುತ್ತದೆ. ಪೂರ್ತಿ ಸಂಭಾಷಣೆಗಿಂತ ಇಂಥ ಅರ್ಧ ಸಂಭಾಷಣೆಯೇ ಗಮನವನ್ನು ಹೆಚ್ಚು ಕೆಡಿಸುತ್ತದೆ ಅಂತ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು.

ಹಾಡು ಹಾಕಿಕೊಂಡು ಓದುವವರ ಜತೆ ನಾನು ಜಗಳಕ್ಕೆ ಹೋಗುವುದಿಲ್ಲ. ಚಿತ್ರ ಬಿಡಿಸುವಾಗ, ರೆಕಾರ್ಡ್ ಬರೆಯುವಾಗ ಹಾಡು ಇರಲಿ. ಬಾಯಿಪಾಠ ಮಾಡುವಾಗ ಸಾಹಿತ್ಯ ಇರುವ ಹಾಡು ಮಾತ್ರ ಬೇಡ. ಅದು ಅದೇ ಒಳದನಿಯ ಜಾಗಕ್ಕೆ ಬಂದು ಕೂರುತ್ತದೆ.

ಗಲಾಟೆ ನಡುವೆ ಯಾರೋ ನಿಮ್ಮ ಹೆಸರು ಹೇಳಿದರೆ ಕಿವಿ ನಿಮಿರುತ್ತದೆ, ಗಮನಿಸಿದ್ದೀರಾ? 2001ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಒಂದು ಕಿವಿಗೆ ಬರುವ ಮಾತನ್ನಷ್ಟೇ ಕೇಳಿ ಒಪ್ಪಿಸಬೇಕು, ಇನ್ನೊಂದು ಕಿವಿಯದನ್ನು ಬಿಡಬೇಕು. ಬಿಡಬೇಕಾದ ಕಿವಿಗೆ ಅವರ ಹೆಸರನ್ನು ತೂರಿಸಿದರು. ವರ್ಕಿಂಗ್ ಮೆಮೊರಿ, ಅಂದರೆ ಆ ಕ್ಷಣಕ್ಕೆ ಬೇಕಾದ್ದನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ, ಜಾಸ್ತಿ ಇದ್ದವರಲ್ಲಿ ಶೇ. 20 ಮಂದಿಗೆ ಮಾತ್ರ ಹೆಸರು ಕೇಳಿಸಿತು. ಕಡಿಮೆ ಇದ್ದವರಲ್ಲಿ ಶೇ. 65 ಮಂದಿಗೆ. ಬೇಡದ್ದನ್ನು ತಡೆಯುವುದೂ ಒಂದು ಕೆಲಸ. ಅದಕ್ಕೆ ಬೇಕಾದ ಬಲ ಎಲ್ಲರಲ್ಲೂ ಒಂದೇ ಸಮ ಇಲ್ಲ.

ಬೆಳಕು, ವಾಸನೆ, ಜೇಬಿನ ನಡುಕ

ಬೆಳಕಿನ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಬೈಗುಳ ಸ್ವಲ್ಪ ಅನ್ಯಾಯದ್ದು. ಕಣ್ಣಿನ ಹಿಂಪರದೆಯಲ್ಲಿ ನೋಡುವ ಕೋಶಗಳ ಜತೆ ಇನ್ನೊಂದು ಬಗೆಯವೂ ಇವೆ ಅಂತ 2002ರಲ್ಲಿ ಸ್ಪಷ್ಟವಾಯಿತು. ಇವುಗಳ ಮುಖ್ಯ ಕೆಲಸ ಚಿತ್ರ ಮೂಡಿಸುವುದಲ್ಲ, ಈಗ ಹಗಲೋ ರಾತ್ರಿಯೋ ಅಂತ ಮಿದುಳಿನ ಗಡಿಯಾರಕ್ಕೆ ಹೇಳುವುದು. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಇವು ಹೆಚ್ಚು ಸ್ಪಂದಿಸುತ್ತವೆ. ರಾತ್ರಿ ಜೋರು ಬೆಳಕಿನಲ್ಲಿ ಕೂತರೆ "ಇನ್ನೂ ಹಗಲು" ಅಂತ ಸುದ್ದಿ ಹೋಗಿ, ನಿದ್ದೆಗೆ ದಾರಿ ಮಾಡುವ ಮೆಲಟೋನಿನ್ ತಡವಾಗುತ್ತದೆ. ಇದರ ಮೇಲೆ ವಯಸ್ಸಿನ ಪಾಲು ಬೇರೆ. ಹದಿಹರೆಯದಲ್ಲಿ ಮಲಗುವ ಹೊತ್ತು ವರ್ಷವರ್ಷ ತಡವಾಗುತ್ತಾ ಹೋಗಿ, ಸುಮಾರು 20ರ ವಯಸ್ಸಿಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಸರಿಯಾಗಿ ಡಿಗ್ರಿ ಓದುವ ವಯಸ್ಸು! ಬೆಳಿಗ್ಗೆ ಎಂಟರ ಕ್ಲಾಸಿನಲ್ಲಿ ಆಕಳಿಸುವವರೆಲ್ಲ ಸೋಮಾರಿಗಳಲ್ಲ. ರಾತ್ರಿ ಪೂರ್ತಿ ಫೋನ್ ನೋಡಿದವರ ಪರವಾಗಿ ವಾದ ಮಾಡುತ್ತಿಲ್ಲ, ಆದರೆ ಗಡಿಯಾರವೇ ಹಾಗಿರುವಾಗ ಅವರೂ ಎಷ್ಟೂಂತ ಹೋರಾಡಬೇಕು?

ವಾಸನೆಯ ದಾರಿ ಬೇರೆ ಇಂದ್ರಿಯಗಳದ್ದರ ಹಾಗಲ್ಲ. ನೋಟ, ಸದ್ದು, ಸ್ಪರ್ಶ ಎಲ್ಲ ಮಿದುಳಿನ ನಡುವಿನ ಥಾಲಮಸ್ ಅನ್ನುವ ಚೌಕಿ ದಾಟಿ ಮುಂದೆ ಹೋಗಬೇಕು. ವಾಸನೆಗೆ ಆ ಚೌಕಿ ಇಲ್ಲ. ಮೂಗಿನ ಮೇಲ್ಗಡೆ ಮಿದುಳಿನಲ್ಲಿರುವ, ವಾಸನೆಯ ಸುದ್ದಿ ಪಡೆಯುವ ಪುಟ್ಟ ಉಂಡೆಯಿಂದ ಭಾವನೆ ಮತ್ತು ನೆನಪಿನ ಭಾಗಗಳಿಗೆ ಬಹಳ ಹತ್ತಿರದ ದಾರಿ. ಮನೆ ಬಿಟ್ಟು ಬಂದ ಮೊದಲ ತಿಂಗಳು, ಮನೆಯಲ್ಲಿ ಒಗೆದು ತಂದ ಕೊನೇ ಟವೆಲ್ ಬಿಚ್ಚಿದಾಗ ಗಂಟಲು ಕಟ್ಟುವುದು ಅದಕ್ಕೇ ಇರಬೇಕು. ಫೋಟೋ ನೋಡಿದಾಗ ಹಾಗಾಗಿರಲಿಲ್ಲ. ವಾಸನೆ ಬೇಗ ಒಗ್ಗಿಹೋಗುತ್ತದೆ ಕೂಡ. ನಿಮ್ಮ ರೂಮಿನ ವಾಸನೆ ನಿಮಗೆ ತಿಳಿಯಬೇಕಾದರೆ ಹೊರಗಿನವರೇ ಬಂದು ಮೂಗು ಮುಚ್ಚಿಕೊಳ್ಳಬೇಕು.

ಇನ್ನು ಜೇಬು. ಫೋನ್ ನಡುಗಿತು ಅನ್ನಿಸಿ ತೆಗೆದು ನೋಡುತ್ತೀರಿ, ಏನೂ ಬಂದಿಲ್ಲ. ಅಮೆರಿಕದಲ್ಲಿ 290 ಪದವಿ ವಿದ್ಯಾರ್ಥಿಗಳನ್ನು ಕೇಳಿದ 2012ರ ಒಂದು ಅಧ್ಯಯನದಲ್ಲಿ ಶೇ. 89 ಮಂದಿಗೆ ಹೀಗೆ ಆಗಿತ್ತು. ಚರ್ಮದ ಮೇಲೆ ಬಟ್ಟೆ ಸರಿದಾಡುತ್ತಲೇ ಇರುತ್ತದೆ. ಸಂದೇಶಕ್ಕೆ ಕಾಯುತ್ತಿರುವ ಮಿದುಳು ಹೊಸ್ತಿಲು ಇಳಿಸಿ ಕೂತಿರುವಾಗ, ಆ ಸಣ್ಣ ಸರಿದಾಟವೇ ಕರೆಯಾಗಿ ಕಾಣುತ್ತದೆ.

ಪರೀಕ್ಷೆ ಹಾಲ್‌ನಲ್ಲಿ

ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚಿನ ಎರಡು ನಿಮಿಷ ನೆನಪಿಸಿಕೊಳ್ಳಿ. ಅಂಗೈ ಬೆವರು, ಎದೆ ಡವಡವ. ಒಳಗಿನಿಂದ ಬರುವ ಈ ಸುದ್ದಿಗಳೂ ಇಂದ್ರಿಯದ ಸುದ್ದಿಗಳೇ. ಹಸಿವು, ಬಾಯಾರಿಕೆ, ಎದೆಬಡಿತ ತಿಳಿಸಲು ದೇಹದೊಳಗೆ ಬೇರೆಯೇ ಏರ್ಪಾಡಿದೆ. ಐದು ಇಂದ್ರಿಯ ಅನ್ನುವುದು ಬರೀ ಹೊರಗಿನ ಲೆಕ್ಕ. ವಿಶೇಷ ಅಂದರೆ ಹೆದರಿದಾಗಲೂ ಹುರುಪು ಬಂದಾಗಲೂ ಎದೆ ಒಂದೇ ಥರ ಬಡಿಯುತ್ತದೆ. ಅದಕ್ಕೆ ಹೆಸರಿಡುವವರು ನಾವು. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರ ಪ್ರಯೋಗಗಳಲ್ಲಿ, "ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂತ ಹೇಳಿಕೊಂಡವರು ಭಾಷಣವನ್ನು ಚೆನ್ನಾಗಿ ಮಾಡಿದರು. ಓಡುತ್ತಿರುವ ಎದೆಯನ್ನು ನಿಲ್ಲಿಸುವುದಕ್ಕಿಂತ ಹೆಸರು ಬದಲಿಸುವುದು ಸುಲಭ.

ಓದಿದ ಜಾಗದಲ್ಲೇ ಬರೆದರೆ ಚೆನ್ನಾಗಿ ನೆನಪಾಗುತ್ತದೆ ಅಂತ ಒಂದು ಮಾತಿದೆ. ಅದರ ಬೆನ್ನಿಗಿರುವುದು ಗಾಡೆನ್ ಮತ್ತು ಬ್ಯಾಡ್ಲಿ 1975ರಲ್ಲಿ ಮುಳುಗುಗಾರರ ಜತೆ ಮಾಡಿದ ಪ್ರಯೋಗ. ನೀರೊಳಗೆ ಕಲಿತ ಪದಗಳು ನೀರೊಳಗೇ, ದಡದಲ್ಲಿ ಕಲಿತವು ದಡದಲ್ಲೇ ಹೆಚ್ಚು ನೆನಪಾದವು. ಆದರೆ 2021ರಲ್ಲಿ ಇದನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಈ ಮಾತನ್ನು ತೀರಾ ನೆಚ್ಚಬೇಡಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 1978ರ ಇನ್ನೊಂದು ಪ್ರಯೋಗ. ಒಂದೇ ಪಟ್ಟಿಯನ್ನು ಎರಡು ಬೇರೆ ಕೋಣೆಗಳಲ್ಲಿ ಓದಿದವರು, ಒಂದೇ ಕೋಣೆಯಲ್ಲಿ ಎರಡು ಸಲ ಓದಿದವರಿಗಿಂತ ಹೆಚ್ಚು ಪದ ನೆನಪಿಟ್ಟುಕೊಂಡರು, ಅದೂ ಹೊಸದೊಂದು ಮೂರನೇ ಕೋಣೆಯಲ್ಲಿ. ನೆನಪು ಒಂದೇ ಗೋಡೆಗೆ ಒರಗಿ ನಿಲ್ಲದಿದ್ದರೆ ಒಳ್ಳೇದು. ನಾನು ಆಗ ಅರ್ಧ ಪಾಠವನ್ನು ಲೈಬ್ರರಿಯಲ್ಲಿ, ಉಳಿದರ್ಧವನ್ನು ಮೆಟ್ಟಿಲ ಮೇಲೆ ಓದುತ್ತಿದ್ದೆ. ವಿಜ್ಞಾನ ಗೊತ್ತಿದ್ದು ಮಾಡಿದ್ದಲ್ಲ, ಗಡಿಯಾರದಿಂದ ತಪ್ಪಿಸಿಕೊಳ್ಳಲು.

ಆ ಗಡಿಯಾರದ ಕಥೆ ಮುಗಿದಿಲ್ಲ. ಒಂದು ರಾತ್ರಿ ತಡೆಯಲಾರದೆ, ಅವನು ಮಲಗಿದ ಮೇಲೆ ಬ್ಯಾಟರಿ ಕಿತ್ತಿಟ್ಟೆ. ಬೆಳಿಗ್ಗೆ ಅಲಾರಂ ಆಗಲಿಲ್ಲ, ಅವನ ಟೆಸ್ಟ್ ತಪ್ಪಿತು. ಎರಡು ದಿನ ನನ್ನ ಜತೆ ಮಾತು ಬಿಟ್ಟ. ಆಮೇಲೆ ರಾಜಿಯಾಯಿತು. ರಾತ್ರಿ ಗಡಿಯಾರವನ್ನು ಟವೆಲ್‌ನಲ್ಲಿ ಸುತ್ತಿ ಕಪಾಟಿನೊಳಗೆ ಇಡುವುದು, ಬೆಳಿಗ್ಗೆ ಅವನನ್ನು ಎಬ್ಬಿಸುವ ಹೊಣೆ ನನ್ನದು. ಮೊದಲ ರಾತ್ರಿ ನನಗೆ ಇನ್ನೇನು ನಿದ್ದೆ ಹತ್ತಬೇಕು, ಕತ್ತಲಲ್ಲಿ ಅವನ ದನಿ ಬಂತು.

"ಲೋ, ಎದ್ದಿದ್ದೀಯಾ? ಯಾಕೋ ನಿದ್ದೆನೇ ಬರ್ತಿಲ್ಲ ಕಣೋ. ರೂಮಲ್ಲಿ ಏನೋ ಒಂದು ಕಮ್ಮಿ ಆದ ಹಾಗಿದೆ."